ಬಿಟ್ಟು ಎಷ್ಟು ದಿನ ಆಯ್ತು?

ವೃಶ್ಚಿಕ ಸಂಕ್ರಮಣದ ಬೆಳಿಗ್ಗೆ ಅವನು ಮಾಲೆ ಹಾಕಿದ. ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗಿರುವ ನಮ್ಮ ಊರಿನಲ್ಲಿ ಅಡಿಕೆ ಮರ ಹತ್ತುವವರು ಈಗ ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಅವನ ಕೈ ಮೊದಲನೆಯದು. ಮಳೆಗಾಲದಲ್ಲಿ ಮದ್ದು ಬಿಡಲು ಅವನೇ ಬೇಕು, ಚಳಿಗಾಲದಲ್ಲಿ ಕೊನೆ ತೆಗೆಯಲೂ ಅವನೇ ಬೇಕು. ಮರದ ತಲೆಯನ್ನು ತೂಗಿ ತೂಗಿ ಪಕ್ಕದ ಮರಕ್ಕೆ ದಾಟುವುದನ್ನು ನೋಡಲು ಶಾಲೆಗೆ ಹೋಗುವ ಮಕ್ಕಳು ದಾರಿಯಲ್ಲೇ ನಿಲ್ಲುತ್ತಿದ್ದರು. ಕುಡಿತ ಶುರುವಾದದ್ದು ಮೈಕೈ ನೋವಿಗೆಂದು, ಸಂಜೆ ಹೊತ್ತು. ಆಮೇಲೆ ಮಧ್ಯಾಹ್ನಕ್ಕೂ ಬೇಕಾಯಿತು. ಕಡೆಕಡೆಗೆ ಬೆಳಿಗ್ಗೆ ಕೈ ನಡುಗದೆ ನಿಲ್ಲಲಿಕ್ಕೂ ಒಂದು. ಆ ವರ್ಷ ಮಗಳು ಹತ್ತನೇ ಕ್ಲಾಸು. “ನಲುವತ್ತೊಂದು ದಿನ ವ್ರತ, ಆಮೇಲೆ ಜನ್ಮದಲ್ಲಿ ಮುಟ್ಟುವುದಿಲ್ಲ” ಎಂದು ಎಲ್ಲರೆದುರು ಹೇಳಿ ಮಾಲೆ ಹಾಕಿಸಿಕೊಂಡ. ನರೆಕರೆಯವರಿಗೆಲ್ಲ ಖುಷಿ. ನನಗೂ.

ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಎರಡನೆಯ ದಿನ ಕರ್ಪೂರದ ಆರತಿ ಎತ್ತುವಾಗ ತಟ್ಟೆ ಗಡಗಡ ಸದ್ದು ಮಾಡಿತು. ತಣ್ಣೀರು ಮಿಂದು ಬಂದವನ ಮೈಯೆಲ್ಲ ಬೆವರು. ಊಟ ಸೇರಲಿಲ್ಲ. “ಶುದ್ಧ ಆಗ್ತಾ ಇದೆ, ಒಳಗಿದ್ದದ್ದೆಲ್ಲ ಹೊರಗೆ ಹೋಗ್ತಾ ಇದೆ” ಎಂದು ಯಾರೋ ಧೈರ್ಯ ಹೇಳಿದರು. ಮೂರನೆಯ ರಾತ್ರಿ ಹನ್ನೊಂದರ ಹೊತ್ತಿಗೆ ಅವನ ಹೆಂಡತಿ ನಮ್ಮ ಅಂಗಳಕ್ಕೆ ಓಡಿ ಬಂದಳು. “ಅಣ್ಣಾ, ಒಮ್ಮೆ ಬನ್ನಿ. ಇವರು ಇವರ ಹಾಗೆ ಇಲ್ಲ.”

ನಾನು ಹೋದಾಗ ಅವನು ಚಾವಡಿಯ ನೆಲದಲ್ಲಿ ಕುಳಿತಿದ್ದ. ಎರಡು ಪಾದಗಳನ್ನು ಜೋಡಿಸಿ, ಇಲ್ಲದ ಹಗ್ಗವೊಂದನ್ನು ಅವುಗಳ ಸುತ್ತ ಸುತ್ತುತ್ತಿದ್ದ. ಸುತ್ತುವುದು, ಬಿಗಿಯುವುದು, ಗಂಟು ಹಾಕುವುದು, ಮತ್ತೆ ಬಿಚ್ಚುವುದು. ಮರ ಹತ್ತುವ ಮೊದಲು ಕಾಲಿಗೆ ತಳೆ ಹಾಕಿಕೊಳ್ಳುವ ಕೆಲಸ ಅದು. ವರ್ಷಗಟ್ಟಲೆ ಅವನ ಕೈ ಮಾಡಿದ ಕೆಲಸ. ಕಣ್ಣು ಗೋಡೆಯ ಮೇಲೆ. “ಚಿಗುಳಿ, ಚಿಗುಳಿ” ಎಂದು ತೋಳನ್ನು ಉಜ್ಜಿಕೊಳ್ಳುತ್ತಿದ್ದ. ಮೈಮೇಲೆ ಒಂದು ಇರುವೆಯೂ ಇರಲಿಲ್ಲ. ತೀರಿಹೋದ ಅಪ್ಪನನ್ನು ಕರೆದು, ಏಣಿ ಹಿಡಿಯಲು ಹೇಳುತ್ತಿದ್ದ. ನನ್ನ ಗುರುತು ಸಿಗಲಿಲ್ಲ.

ಅಂಗಳದಲ್ಲಿ ಆಗಲೇ ಏಳೆಂಟು ಜನ. ಮಾಲೆ ಹಾಕಿದ ಮೇಲೆ ಏನೋ ಮೈಲಿಗೆ ಆಗಿರಬೇಕೆಂದು ಒಬ್ಬರು. ಅಪ್ಪನ ಕುಲೆ, ಅಂದರೆ ಪ್ರೇತ, ಬಂದು ಕರೆಯುತ್ತಿದೆ, ಬೆಳಿಗ್ಗೆಯೇ ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಬೇಕೆಂದು ಇನ್ನೊಬ್ಬರು. ಹಗ್ಗ ತಂದು ಕಟ್ಟಿಹಾಕುವುದು ಒಳ್ಳೆಯದೆಂದು ಮತ್ತೊಬ್ಬರು. ಆಗ ಮೇಲಿನ ಮನೆಯ ನರ್ಸಕ್ಕ ಟಾರ್ಚು ಹಿಡಿದುಕೊಂಡು ಬಂದರು. ಅವರು ನಿವೃತ್ತರಾಗಿ ಹಲವು ವರ್ಷ ಆಗಿತ್ತು. ಅವನ ಕೈಹಿಡಿದು ನಾಡಿ ನೋಡಿದರು, ಹಣೆ ಮುಟ್ಟಿದರು, ಹೆಂಡತಿಯ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು:

“ಬಿಟ್ಟು ಎಷ್ಟು ದಿನ ಆಯ್ತು?”

“ಇವತ್ತಿಗೆ ಮೂರು, ಅಕ್ಕಾ.”

“ಹಾಗಾದರೆ ಬೆಳಗಿನವರೆಗೆ ಕಾಯುವುದು ಬೇಡ. ಜೀಪು ತೆಗಿ” ಎಂದು ನನಗೆ ಹೇಳಿದರು. ಅಡ್ಕಸ್ಥಳದ ಗಡಿ ದಾಟಿ, ವಿಟ್ಲ, ಕಲ್ಲಡ್ಕ ಹಾದು ಮಂಗಳೂರಿನ ಆಸ್ಪತ್ರೆ ತಲುಪುವವರೆಗೆ ಹಿಂದಿನ ಸೀಟಿನಲ್ಲಿ ಅವನ ಕೈಗಳು ತಳೆ ಕಟ್ಟುತ್ತಲೇ ಇದ್ದವು.

ಆ ಪ್ರಶ್ನೆ ನನ್ನನ್ನು ಈಗಲೂ ಬಿಟ್ಟಿಲ್ಲ. ಕುಡಿತದಿಂದ ಮನೆ ಹಾಳಾಗುವುದು, ಈಲಿಯ ಕಾಯಿಲೆ, ರಸ್ತೆಯ ಅಪಘಾತ ಎಲ್ಲ ನಮಗೆ ಗೊತ್ತು, ಭಾಷಣಗಳಲ್ಲಿ ಕೇಳಿದ್ದೇವೆ. ಕುಡಿತ ಬಿಟ್ಟ ಮೂರನೆಯ ದಿನ ಮನುಷ್ಯ ಸಾಯಬಹುದು ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಬಿಡುವುದೆಂದರೆ ಮನಸ್ಸು ಗಟ್ಟಿ ಮಾಡುವುದು, ಆಣೆ ಹಾಕುವುದು, ಹರಕೆ ಹೊರುವುದು ಎಂದೇ ತಿಳಿದಿದ್ದೆವು. ದಿನವೂ ಹೆಚ್ಚು ಕುಡಿದು ಒಗ್ಗಿಹೋದ ದೇಹಕ್ಕೆ ಬಿಡುವುದು ಒಂದು ವೈದ್ಯಕೀಯ ಘಟನೆ. ಹೆರಿಗೆಯ ಹಾಗೆ ಅದಕ್ಕೂ ಹೊತ್ತುಗೊತ್ತಿದೆ, ಅಪಾಯದ ಗಳಿಗೆಯಿದೆ, ಪಕ್ಕದಲ್ಲಿ ಬಲ್ಲವರು ಇರಬೇಕು.

ಈ ಸನ್ನಿಗೆ ಥಾಮಸ್ ಸಟನ್ ಎಂಬ ಇಂಗ್ಲಿಷ್ ವೈದ್ಯ 1813ರಲ್ಲೇ ‘ಡೆಲಿರಿಯಂ ಟ್ರೆಮೆನ್ಸ್’ ಎಂದು ಹೆಸರಿಟ್ಟಿದ್ದ. ನಡುಕದ ಸನ್ನಿ ಎಂದು ಅರ್ಥ. ಆದರೆ ಇದು ಮದ್ಯ ಹೆಚ್ಚಾದುದರಿಂದ ಬರುವುದೋ, ನಿಂತದ್ದರಿಂದ ಬರುವುದೋ ಎಂಬುದು ಸುಮಾರು ಒಂದೂವರೆ ಶತಮಾನ ತೀರ್ಮಾನವಾಗದೆ ಉಳಿಯಿತು. 1950ರ ದಶಕದಲ್ಲಿ ಅಮೆರಿಕದ ವೈದ್ಯರು ಸ್ವಯಂಸೇವಕರಿಗೆ ವಾರಗಟ್ಟಲೆ ಮದ್ಯ ಕೊಟ್ಟು, ಒಮ್ಮೆಗೇ ನಿಲ್ಲಿಸಿ ನೋಡಿದರು. ಚೆನ್ನಾಗಿ ಊಟ ಕೊಟ್ಟಿದ್ದರೂ, ನಿಲ್ಲಿಸಿದ ಮೇಲೆ ಫಿಟ್ಸ್ ಬಂತು, ಸನ್ನಿ ಬಂತು. ಇಂದು ಯಾರೂ ಅನುಮತಿ ಕೊಡದ ಪ್ರಯೋಗ ಅದು. ಆದರೆ ಕಾರಣ ನಿಲ್ಲಿಸುವುದರಲ್ಲಿದೆ ಎಂಬುದು ಆಗ ಖಚಿತವಾಯಿತು.

ಒಳಗೆ ನಡೆಯುವುದೇನೆಂದು ಆಸ್ಪತ್ರೆಯ ಡಾಕ್ಟರು ಹೇಳಿದಾಗ ನನಗೆ ನೆನಪಾದದ್ದು ನಮ್ಮ ಹಳೆಯ ತೋಟದ ಏತ. ಮದ್ಯ ಮಿದುಳನ್ನು ಮಂಕು ಮಾಡುವ ವಸ್ತು. ಏತದ ಒಂದು ತುದಿಯನ್ನು ಅದು ದಿನವೂ ಕೆಳಗೆ ಜಗ್ಗುತ್ತದೆ. ಎಚ್ಚರವಾಗಿರಬೇಕಾದ ಮಿದುಳು ಸುಮ್ಮನೆ ಕೂರುವುದಿಲ್ಲ. ಇನ್ನೊಂದು ತುದಿಗೆ ಕಲ್ಲು ಕಟ್ಟುತ್ತ ಹೋಗುತ್ತದೆ. ಕುಡಿತ ಏರಿದಂತೆ ಕಲ್ಲೂ ಏರುತ್ತದೆ. ಕ್ವಾರ್ಟರ್ ಕುಡಿದರೂ ಏನೂ ಆಗದವನಂತೆ ನಡೆಯುವ ‘ತಾಕತ್ತು’ ಎಂದರೆ ಈ ಕಲ್ಲಿನ ಭಾರವೇ. ಒಂದು ದಿನ ಮದ್ಯವನ್ನು ಒಮ್ಮೆಗೇ ತೆಗೆದರೆ ಕಲ್ಲಿನ ತುದಿ ದಡಕ್ಕನೆ ಬೀಳುತ್ತದೆ. ತಡೆಯುವುದು ಏನೂ ಇಲ್ಲದೆ ಮಿದುಳು ಕೆರಳುತ್ತದೆ: ಎದೆ ಹೊಡೆದುಕೊಳ್ಳುತ್ತದೆ, ಬಿ.ಪಿ. ಏರುತ್ತದೆ, ಮೈ ನಡುಗುತ್ತದೆ. ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿಕೊಳ್ಳಲು ಮಿದುಳಿಗೆ ಕೆಲವು ದಿನ ಬೇಕು. ಆಸ್ಪತ್ರೆಯಲ್ಲಿ ಕೊಡುವ ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್, ಈಲಿ ಕೆಟ್ಟಿದ್ದರೆ ಲೋರಾಜೆಪಾಮ್ ಎಂಬ ಮದ್ದುಗಳು ಆ ಕೆಲವು ದಿನ ಏತವನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಇಳಿಸುತ್ತವೆ. ದಿನದಿನಕ್ಕೆ ಡೋಸು ಕಡಿಮೆ ಮಾಡುತ್ತ ಸಾಮಾನ್ಯವಾಗಿ ವಾರದೊಳಗೆ ನಿಲ್ಲಿಸುತ್ತಾರೆ. ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುವ ಮಾತ್ರೆಗಳಲ್ಲ ಇವು. ಇವುಗಳಿಗೂ ದೇಹ ಒಗ್ಗಿಬಿಡುತ್ತದೆ, ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು.

ಗಡಿಯಾರದ ಲೆಕ್ಕವನ್ನು ಪ್ರತಿ ಮನೆಯೂ ತಿಳಿದಿರಬೇಕು. ಕೊನೆಯ ಗ್ಲಾಸಿನ ಬಳಿಕ 6ರಿಂದ 12 ಗಂಟೆಯಲ್ಲಿ ನಡುಕ, ಬೆವರು, ವಾಕರಿಕೆ, ನಿದ್ದೆಗೇಡು. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ದಿನಗಳೊಳಗೆ. ಸನ್ನಿ ಬರುವುದು ಎರಡು ದಿನ ಕಳೆದ ಮೇಲೆ, ಮೂರನೆಯ, ನಾಲ್ಕನೆಯ ದಿನ. “ಎರಡು ದಿನ ಕಷ್ಟವಾಯಿತು, ಇನ್ನು ಪರವಾಗಿಲ್ಲ” ಎಂದು ಮನೆಯವರು ಉಸಿರು ಬಿಡುವ ಹೊತ್ತಿಗೆ ಅದು ಬರುತ್ತದೆ. ಬಿಟ್ಟ ಎಲ್ಲರಿಗೂ ಬರುವುದಿಲ್ಲ, ಬರುವುದು ಕೆಲವರಿಗಷ್ಟೆ. ಹಿಂದೆ ಒಮ್ಮೆ ಬಂದವರಿಗೆ, ಬಿಟ್ಟಾಗ ಫಿಟ್ಸ್ ಬಂದವರಿಗೆ, ವರ್ಷಗಟ್ಟಲೆ ದಿನವೂ ಕುಡಿದವರಿಗೆ, ಜ್ವರವೋ ಗಾಯವೋ ಇರುವವರಿಗೆ ಅಪಾಯ ಹೆಚ್ಚು. ಪ್ರತಿ ಸಲ ಬಿಟ್ಟು ಮತ್ತೆ ಹಿಡಿದಾಗಲೂ ಮುಂದಿನ ಸಲದ ಉಪದ್ರ ಜಾಸ್ತಿಯಾಗುತ್ತದೆ. ಚಿಕಿತ್ಸೆ ಇಲ್ಲದ ಕಾಲದಲ್ಲಿ ಈ ಸನ್ನಿಗೆ ಸಿಕ್ಕ ಬಹಳ ಮಂದಿ ಸತ್ತರು. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದವರಲ್ಲಿ ಈಗ ಸಾವು ಅಪರೂಪ. ಪ್ರಶ್ನೆ ಇಡಿಸಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಇಡಿಸಬಹುದು.

ಇನ್ನೊಂದು ಮಾತು ನರ್ಸಕ್ಕ ಜೀಪಿನಲ್ಲಿ ಹೇಳಿದ್ದು. ಸುಸ್ತಾದವನಿಗೆ ಗ್ಲೂಕೋಸ್ ಹಾಕಿಸಿ ಮನೆಗೆ ಕರೆದುಕೊಂಡು ಬರುವುದು ನಮ್ಮಲ್ಲಿ ರೂಢಿ. ಅನ್ನ ಬಿಟ್ಟು ಕುಡಿದವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. ನೆನಪಿನ ಶಕ್ತಿಯೇ ಹೋದವರಿದ್ದಾರೆ. ಕುಡಿಯುವ ಸಂಗತಿಯನ್ನು ಡಾಕ್ಟರಿಂದ ಮುಚ್ಚಿಡಬಾರದು ಎನ್ನುವುದು ಇದಕ್ಕೇ. ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಡುವುದರಿಂದ ಪ್ರಯೋಜನವಿಲ್ಲ. ಬಾಯಿಗೆ ಏನೂ ತುರುಕದೆ, ಒಂದು ಮಗ್ಗುಲಿಗೆ ಮಲಗಿಸಿ, ಗಾಡಿ ಕರೆಯಿರಿ. ಸನ್ನಿಯಲ್ಲಿರುವವನನ್ನು ಕಟ್ಟಬಾರದು, ಬೈಯಬಾರದು. ದೀಪ ಹಾಕಿ, ಪರಿಚಯದವರೊಬ್ಬರು ಪಕ್ಕದಲ್ಲಿ ಕುಳಿತು ಮೆಲ್ಲಗೆ ಮಾತಾಡುತ್ತಿರಬೇಕು.

ಮಾಲೆ ಒಂದೇ ಕಾರಣವಲ್ಲ. ಮರದಿಂದ ಬಿದ್ದು ಕಾಲು ಮುರಿದು ಆಸ್ಪತ್ರೆಗೆ ಸೇರಿದವನು ಮೂರನೆಯ ದಿನ ಪ್ಲಾಸ್ಟರ್ ಸಮೇತ ಎದ್ದು ಓಡಲು ನೋಡುತ್ತಾನೆ. ಅಲ್ಲಿ ಅವನಿಗೆ ಕುಡಿಯಲು ಸಿಕ್ಕಿಲ್ಲ, ಅಷ್ಟೆ. ಲಾಕಪ್ಪಿನಲ್ಲಿ ಹೀಗಾಗುತ್ತದೆ. ಮದ್ದು ಕೊಡಿಸುವುದಾಗಿ ನಂಬಿಸಿ ಕೋಣೆಯಲ್ಲಿ ಕೂಡಿಹಾಕಿದ ಮನೆಗಳಲ್ಲೂ.

ಇಡೀ ರಾಜ್ಯವೇ ಒಂದೇ ದಿನ ಬಿಟ್ಟ ಪ್ರಸಂಗವೂ ಇದೆ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದಾಗ ಕೇರಳದ ಬಿವರೇಜಸ್ ಮದ್ಯದಂಗಡಿಗಳು ಮುಚ್ಚಿದವು. ಮರುದಿನಗಳಿಂದಲೇ ಆತ್ಮಹತ್ಯೆಯ ಸುದ್ದಿಗಳು ಬರತೊಡಗಿದವು. ಡಾಕ್ಟರ ಚೀಟಿ ಇದ್ದವರಿಗೆ ಮದ್ಯ ಕೊಡಬಹುದೆಂದು ಸರ್ಕಾರ ಮಾರ್ಚ್ 30ರಂದು ಆದೇಶ ಹೊರಡಿಸಿತು. ವೈದ್ಯರ ಸಂಘಗಳು ಒಪ್ಪಲಿಲ್ಲ. ಸರ್ಕಾರಿ ವೈದ್ಯರು ಕರಾಳ ದಿನ ಆಚರಿಸಿದರು. ಇದಕ್ಕೆ ಶಾಸ್ತ್ರೀಯ ಚಿಕಿತ್ಸೆ ಇರುವಾಗ ಮದ್ಯವನ್ನೇ ಮದ್ದೆಂದು ಬರೆದುಕೊಡುವುದು ಹೇಗೆ ಎಂಬುದು ಅವರ ಪ್ರಶ್ನೆ. ಏಪ್ರಿಲ್ 2ರಂದು ಕೇರಳ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಚಿಕಿತ್ಸೆ ಇದೆ ಎಂದ ವೈದ್ಯರು ಹೇಳಿದ್ದು ಸರಿ. ಆದರೆ ಕಾಸರಗೋಡಿನವರಾದ ನಮಗೆ ಆ ವಾರ ಚಿಕಿತ್ಸೆ ಎಲ್ಲಿತ್ತು? ಗಡಿಯ ಹಲವು ರಸ್ತೆಗಳಿಗೆ ಮಣ್ಣು ಸುರಿದಿದ್ದರು. ತಲಪಾಡಿಯಲ್ಲಿ ಆಂಬುಲೆನ್ಸುಗಳೂ ನಿಂತವು. ಮಂಗಳೂರು ಕಣ್ಣೆದುರಿದ್ದೂ ದೂರವಾಗಿತ್ತು. ಹೃದಯದ ಕಾಯಿಲೆಯವರಿಗೇ ದಾರಿ ಸಿಗದ ದಿನಗಳಲ್ಲಿ ಕುಡಿತ ಬಿಟ್ಟವನ ನಡುಕವನ್ನು ಯಾರು ಲೆಕ್ಕಕ್ಕೆ ತೆಗೆದುಕೊಂಡಾರು?

ಕಾಯಿಲೆಯನ್ನು ಗುರುತಿಸುವುದು ಸನ್ನಿಯ ದಿನ ಅಲ್ಲ, ಅದಕ್ಕಿಂತ ಬಹಳ ಮೊದಲು. ಎಷ್ಟು ಕುಡಿಯುತ್ತಾನೆ ಎಂಬುದರ ಜಗಳದಲ್ಲಿ ಯಾವ ಮನೆಯೂ ಗೆದ್ದದ್ದಿಲ್ಲ. ಆದರೂ ಲೆಕ್ಕ ಗೊತ್ತಿರಲಿ: 30 ಎಂ.ಎಲ್. ಬ್ರಾಂದಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ, 180ರ ಕ್ವಾರ್ಟರಿನಲ್ಲಿ 60 ಗ್ರಾಂ. ಶೇಕಡ 8ರ ಸ್ಟ್ರಾಂಗ್ ಬಿಯರಿನ 650ರ ಬಾಟಲಿಯಲ್ಲಿ 40 ಗ್ರಾಂ. “ಬಿಯರ್ ಮಾತ್ರ” ಎನ್ನುವವನು ಎರಡು ಬಾಟಲಿ ಕುಡಿದರೆ ಕ್ವಾರ್ಟರನ್ನೂ ಮೀರಿದ. ಪ್ರಮಾಣಕ್ಕಿಂತ ಗುರುತು ಹೇಳುವುದು ನಡತೆ. ಅಮೆರಿಕದ ವೈದ್ಯ ಜಾನ್ ಯೂಯಿಂಗ್ ನಾಲ್ಕು ಸರಳ ಪ್ರಶ್ನೆ ಮಾಡಿಟ್ಟಿದ್ದಾನೆ. ಕಡಿಮೆ ಮಾಡಬೇಕೆಂದು ಎಂದಾದರೂ ಅನಿಸಿದೆಯೇ? ಯಾರಾದರೂ ಆಕ್ಷೇಪಿಸಿದರೆ ಸಿಟ್ಟು ಬರುತ್ತದೆಯೇ? ಕುಡಿದದ್ದಕ್ಕೆ ಒಳಗೇ ನಾಚಿಕೆಯಾಗಿದೆಯೇ? ಬೆಳಿಗ್ಗೆ ಎದ್ದೊಡನೆ ಒಂದು ಬೇಕಾಗುತ್ತದೆಯೇ? ಎರಡಕ್ಕೆ ಹೌದೆಂದರೆ ಡಾಕ್ಟರನ್ನು ಕಾಣಬೇಕು. ನಾಲ್ಕನೆಯದಕ್ಕೆ ಹೌದೆಂದವನು ವೈದ್ಯರಿಲ್ಲದೆ ಒಮ್ಮೆಗೇ ನಿಲ್ಲಿಸಲೇಬಾರದು.

ಬೇರೆ ವಸ್ತುಗಳ ‘ಬಿಟ್ಟ ಉಪದ್ರ’ ಬೇರೆ ಬೇರೆ. ಉಪ್ಪಳ, ಮಂಜೇಶ್ವರ ಕಡೆಯಿಂದ ಎಂ.ಡಿ.ಎಂ.ಎ. ವಶದ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ; ಎಷ್ಟು ಗ್ರಾಂ, ಯಾವ ಕಾರು, ಎಷ್ಟು ಮಂದಿ ಎಂಬುದಷ್ಟೇ ಅದರಲ್ಲಿರುತ್ತದೆ. ಅದನ್ನು ಸೇವಿಸುತ್ತಿದ್ದ ಹುಡುಗ ಮರುವಾರ ಹೇಗಿರುತ್ತಾನೆಂದು ಯಾರೂ ಬರೆಯುವುದಿಲ್ಲ. ಇಂಥ ಚುರುಕು ಹುಟ್ಟಿಸುವ ಪುಡಿಗಳನ್ನು ಬಿಟ್ಟವನು ನಡುಗುವುದಿಲ್ಲ. ದಿನಗಟ್ಟಲೆ ನಿದ್ದೆ ಹೊಡೆಯುತ್ತಾನೆ, ಎದ್ದು ಗಬಗಬ ತಿನ್ನುತ್ತಾನೆ. “ಸುಧಾರಿಸಿದ” ಎಂದು ತಾಯಿ ಸಮಾಧಾನಪಡುವಾಗ ಅವನೊಳಗೆ ಬದುಕೇ ಬೇಡವೆನ್ನುವ ಕತ್ತಲೆ ಕವಿದಿರುತ್ತದೆ. ಆ ದಿನಗಳಲ್ಲಿ ಅವನನ್ನು ಒಬ್ಬನೇ ಬಿಡಬಾರದು. ಸಾಯುವ ಮಾತಾಡಿದರೆ ಹಗುರವಾಗಿ ತೆಗೆದುಕೊಳ್ಳಬಾರದು. ಗಾಂಜಾ ಬಿಟ್ಟವನಿಗೆ ಸಿಡುಕು, ನಿದ್ದೆಗೇಡು, ಹಸಿವಿಲ್ಲದಿರುವುದು ಒಂದೆರಡು ವಾರ. ಹೆರಾಯಿನ್, ನೋವಿನ ಮಾತ್ರೆಯಂಥ ಅಫೀಮಿನ ಜಾತಿಯವುಗಳಲ್ಲಿ ಮೂಗು ಸೋರುವುದು, ಆಕಳಿಕೆ, ಮೈಯೆಲ್ಲ ಮುಳ್ಳೇಳುವುದು, ಭೇದಿ, ಮೂಳೆ ಮುರಿದಂಥ ನೋವು. ಇವುಗಳಿಂದ ಜೀವಕ್ಕೆ ಅಪಾಯ ಬರುವುದು ಕಡಿಮೆ. ಅಪಾಯ ಆಮೇಲೆ ಇದೆ. ತಿಂಗಳು ಬಿಟ್ಟ ದೇಹಕ್ಕೆ ಹಳೆಯ ತಾಕತ್ತು ಇರುವುದಿಲ್ಲ. ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಅದಕ್ಕೇ ಇವರಿಗೆ ಬ್ಯುಪ್ರೆನಾರ್ಫಿನ್‌ನಂಥ ಮದ್ದನ್ನು ಬಹುಕಾಲ ಕೊಡುತ್ತಾರೆ. “ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದರು” ಎಂಬ ಮಾತು ಅನ್ಯಾಯದ್ದು. ಸಕ್ಕರೆ ಕಾಯಿಲೆಯವನ ಇನ್ಸುಲಿನ್ನಿಗೆ ನಾವು ಹಾಗೆ ಹೇಳುವುದಿಲ್ಲ.

ಆಸ್ಪತ್ರೆಯ ಆ ವಾರ ಬರೀ ಹೊಸ್ತಿಲು. ಮುಂದೆ ಹಪಹಪಿಯನ್ನು ಇಳಿಸುವ ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್ ಮದ್ದುಗಳಿವೆ, ಆಪ್ತ ಸಲಹೆ ಇದೆ. 1948ರಲ್ಲಿ ಡೆನ್ಮಾರ್ಕಿನ ಇಬ್ಬರು ವೈದ್ಯರು ಬಳಕೆಗೆ ತಂದ ಡೈಸಲ್ಫಿರಾಮ್ ಮಾತ್ರೆಯೂ ಇದೆ. ಅದನ್ನು ತೆಗೆದುಕೊಂಡು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿ.ಪಿ. ಕುಸಿಯುತ್ತದೆ. ತಿಳಿದು, ಒಪ್ಪಿ ತೆಗೆದುಕೊಳ್ಳುವವನಿಗೆ ಅದು ಊರುಗೋಲು. ಸಾರಿನಲ್ಲಿ ಗುಟ್ಟಾಗಿ ಬೆರೆಸಿ ಬಡಿಸಿದರೆ ಕೊಲೆಗೆ ಸಮ. ‘ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ’ ಎಂದು ಮಾರುವ ಪುಡಿಗಳಲ್ಲಿ ಏನಿದೆಯೆಂದು ಕೇಳದೆ ದುಡ್ಡು ಕೊಟ್ಟ ಹೆಂಗಸರನ್ನು ನಾನು ಬಲ್ಲೆ. ಅವರ ಮೇಲೆ ಸಿಟ್ಟು ಬರುವುದಿಲ್ಲ. ಅಷ್ಟು ದೂರಕ್ಕೆ ಅವರನ್ನು ತಳ್ಳಿದ ನಮ್ಮ ಮೌನದ ಮೇಲೆ ಬರುತ್ತದೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯಕ್ಕೆ ಅಂಟಿಕೊಂಡವರಲ್ಲಿ 38 ಮಂದಿಗೆ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆಯೋ ಸಹಾಯವೋ ಪಡೆದಿದ್ದರು. ಆಸ್ಪತ್ರೆಗೆ ದಾಖಲಾದವರು 180ಕ್ಕೆ ಒಬ್ಬರು.

ಪೊಲೀಸರ ಹೆದರಿಕೆಯಿಂದ ಮಕ್ಕಳನ್ನು ಅಡಗಿಸಿಡುವ ತಂದೆತಾಯಿಗೆ ಒಂದು ಮಾತು. 1985ರ ಮಾದಕವಸ್ತು ಕಾಯ್ದೆಯ 64ಎ ಕಲಮಿನಲ್ಲಿ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಸರ್ಕಾರದ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು; ನಡುವೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಎಲ್ಲಿಗೆ ಹೋಗುವುದು? ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯ ಜಿಲ್ಲಾ ಚಿಕಿತ್ಸಾ ಕೇಂದ್ರ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ, ಸಹಾಯವಾಣಿ 14405. ಮನಸ್ಸಿನ ಯಾವ ಕಷ್ಟಕ್ಕೂ ಟೆಲಿ ಮಾನಸ್ 14416 ಇದೆ, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳು ನಮ್ಮ ಕಡೆಗೆ ಹೊಸತಲ್ಲ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿಯಾಗಿ ಕೂಡುತ್ತ ಇರುವುದೇ ಅವುಗಳ ದೊಡ್ಡ ಬಲವೆಂದು ನನಗನಿಸುತ್ತದೆ. ಆದರೆ ಬೆಳಿಗ್ಗೆ ಕೈ ನಡುಗುವವನು ಯಾವ ಶಿಬಿರಕ್ಕೆ ಹೊರಡುವ ಮೊದಲೂ ವೈದ್ಯರನ್ನು ಕಂಡೇ ಹೋಗಬೇಕು.

ಮಂಜೇಶ್ವರದವನಿಗೆ ನೀಲೇಶ್ವರ ಚಂದ್ರಗಿರಿ ಹೊಳೆಯ ಆಚೆ, ಅರುವತ್ತು ಕಿ.ಮೀ.ಗೂ ಹೆಚ್ಚು. ದೂರ ರಸ್ತೆಯದಷ್ಟೇ ಅಲ್ಲ, ಭಾಷೆಯದೂ. ಈ ಚಿಕಿತ್ಸೆಯಲ್ಲಿ ಅರ್ಧ ಮದ್ದು ಮಾತು. ನಾನು ಹಿಂದೊಮ್ಮೆ ಬೇರೊಬ್ಬನ ಜೊತೆ ಒಂದು ಆಸ್ಪತ್ರೆಗೆ ಹೋಗಿದ್ದಾಗ, ಅವನ ಬುದ್ಧಿ ಸ್ಥಿಮಿತದಲ್ಲಿದೆಯೇ ಎಂದು ತಿಳಿಯಲು “ಇನ್ನ್ ಏತ್ ದಿವಸಮಾಣ್?” ಎಂದು ಮಲಯಾಳದಲ್ಲಿ ಕೇಳಿದರು, ಇವತ್ತು ಯಾವ ದಿನ ಎಂದು. ತುಳು, ಕನ್ನಡ ಬಿಟ್ಟು ಬೇರೆ ಬಾರದ ಆ ಮುದುಕ ಕಕ್ಕಾಬಿಕ್ಕಿಯಾಗಿ ನೋಡಿದ. ಚೀಟಿಯಲ್ಲಿ ಏನೋ ಬರೆದುಕೊಂಡರು. ನಾನು ತುಳುವಿನಲ್ಲಿ ಕೇಳಿದೆ. ವಾರ ಹೇಳಿದ, ತಿಥಿ ಹೇಳಿದ, ಅಂದು ಯಾವ ಊರಿನಲ್ಲಿ ಕೋಲ ಇದೆಯೆಂದೂ ಹೇಳಿದ. ಸಪ್ತಭಾಷೆಯ ನಾಡೆಂದು ವೇದಿಕೆಯಲ್ಲಿ ಹೆಮ್ಮೆಪಡುವ ಜಿಲ್ಲೆಯಲ್ಲಿ, ಸನ್ನಿಯಲ್ಲಿರುವವನನ್ನು ಅವನ ಭಾಷೆಯಲ್ಲಿ ಮಾತಾಡಿಸುವ ಒಬ್ಬರು ಪ್ರತಿ ಆಸ್ಪತ್ರೆಯಲ್ಲಿರಬೇಕು ಎಂದು ಕೇಳುವುದು ಹೆಚ್ಚಲ್ಲ. ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿನಿಂದ ನಾನು ಬಯಸುವುದರಲ್ಲಿ ಇದೂ ಒಂದು.

ನಮ್ಮ ಊರಿನ ಅವನು ಒಂಬತ್ತನೆಯ ದಿನ ಮನೆಗೆ ಬಂದ. ಆ ರಾತ್ರಿಯ ಒಂದು ಚೂರೂ ಅವನಿಗೆ ನೆನಪಿಲ್ಲ. ಮುಂದಿನ ವರ್ಷ ಭಾವನ ಮನೆಯ ಮದುವೆಯಲ್ಲಿ ಮತ್ತೆ ಕುಡಿದ, ಮೂರು ತಿಂಗಳು ಹಾಗೇ ಹೋಯಿತು. ಜನ “ಅಷ್ಟೇ ಅವನ ಹಣೆಬರಹ” ಎಂದರು. ಒಂದು ಬೆಳಿಗ್ಗೆ ಮಾತ್ರೆಯ ಹಳೆಯ ಚೀಟಿ ಹಿಡಿದು ತಾನೇ ನಮ್ಮ ಅಂಗಳಕ್ಕೆ ಬಂದ. “ಭಟ್ರೇ, ಬಿಡಬೇಕು ಅಂತಿದ್ದೇನೆ. ಇನ್ನೂ ಬಿಟ್ಟಿಲ್ಲ. ಬಿಡುವ ಮೊದಲೇ ಹೋಗುವ ಅಂತ ಬಂದೆ.” ಆ ಸಲ ನಡುಕ ಬಂತು, ಸನ್ನಿ ಬರಲಿಲ್ಲ.

ಈಗ ನಮ್ಮ ಭಜನಾ ಮಂದಿರದ ಗುರುಸ್ವಾಮಿ ಮಾಲೆ ಹಾಕುವ ಮೊದಲು ಪಕ್ಕಕ್ಕೆ ಕರೆದು ಕೇಳುತ್ತಾರೆ, ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುತ್ತದಾ ಎಂದು. ಹೌದೆಂದರೆ ಡಾಕ್ಟರ ಹತ್ತಿರ ಹೋಗಿ ಬಾ, ಮಾಲೆ ಆಮೇಲೆ ಎನ್ನುತ್ತಾರೆ. ಈ ವರ್ಷ ಇಬ್ಬರಿಗೆ ಹಾಗೆ ಹೇಳಿದರು. ಒಬ್ಬ ಹೋದ. ಇನ್ನೊಬ್ಬನಿಗೆ ಅವಮಾನವಾಯಿತು, ಬೇರೆ ಊರಿನಲ್ಲಿ ಹಾಕಿಸಿಕೊಂಡು ಬಂದ. ಅವನ ಮನೆಗೆ ಹೋಗಿ ಅವನ ತಾಯಿಗೆ ದಿನಗಳನ್ನು ಬೆರಳು ಮಡಚಿ ಎಣಿಸಿ ತೋರಿಸಿದ್ದೇನೆ. ಜೀಪಿಗೆ ಡೀಸೆಲ್ ಹಾಕಿಸಿ, ಕೀಲಿಯನ್ನು ಚಾವಡಿಯ ಮೊಳೆಯಲ್ಲೇ ತೂಗಹಾಕಿದ್ದೇನೆ. ನಾಳೆ ಅವನಿಗೆ ಮೂರನೆಯ ರಾತ್ರಿ.